ಮಳೆ ಬಿದ್ದುದೆಷ್ಟು, ಮಣ್ಣು ಹಿಡಿದುದೆಷ್ಟು

ರಾತ್ರಿ ಜೋರಾಗಿ ಮಳೆಯಾದರೆ ಬೆಳಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ಮಳೆ ಬಿತ್ತು? ಹವಾಮಾನದ ಕಚೇರಿಯವರು ಮಾಪಕವನ್ನು ನೋಡಿ ಇಷ್ಟು ಮಿಲಿಮೀಟರು ಎಂದು ಹೇಳುತ್ತಾರೆ. ಪತ್ರಿಕೆಗಳು ಅದನ್ನು ಅಚ್ಚುಮಾಡುತ್ತವೆ. ನಮ್ಮ ಕುತೂಹಲವೂ ಅಲ್ಲಿಗೆ ತೀರುತ್ತದೆ. ಆದರೆ ಗಿಡಮರಗಳಿಗೆ ಈ ಲೆಕ್ಕ ಸಾಲದು. ಅವುಗಳ ಬೇರು ಇರುವುದು ಮಣ್ಣಿನಲ್ಲಿ. ಬಿದ್ದ ನೀರಿನಲ್ಲಿ ಮಣ್ಣು ಹಿಡಿದಿಟ್ಟುಕೊಂಡುದೆಷ್ಟು, ಹಿಡಿದುದನ್ನು ಎಷ್ಟು ದಿನ ಕಾಪಾಡಿಕೊಂಡಿತು ಎಂಬುದೇ ಅವುಗಳ ಬದುಕಿನ ಲೆಕ್ಕ. ಮಾಪಕಗಳು ಬರುವುದಕ್ಕೆ ಬಹು ಹಿಂದಿನಿಂದಲೂ ನಮ್ಮ ಒಕ್ಕಲು ಮಕ್ಕಳು ಇಟ್ಟುಕೊಂಡು ಬಂದುದು ಈ ಎರಡನೆಯ ಲೆಕ್ಕವನ್ನು. ಬಿತ್ತನೆಗೆ ತಕ್ಕಷ್ಟು ತೇವ ನೆಲದಲ್ಲಿ ನಿಂತ ಸ್ಥಿತಿಗೆ ಅವರು ಬೆದೆ ಎಂದು ಹೆಸರಿಟ್ಟರು. ಆ ಸ್ಥಿತಿಯನ್ನು ತರುವ ಮಳೆಯನ್ನು ಹದಮಳೆ ಎಂದು ಕರೆದರು. ಬೆಂಗಳೂರಿನ ದಕ್ಷಿಣ ಭಾಗದ ನೆಲದಲ್ಲಿ ಈ ಎರಡು ಲೆಕ್ಕಗಳೂ ಹೇಗೆ ನಡೆದುಬಂದುವು, ಒಂದು ಹೇಗೆ ಮರೆತುಹೋಯಿತು, ಅದರಿಂದ ನಮಗಾದ ನಷ್ಟವೇನು ಎಂಬುದನ್ನು ವಿಚಾರಮಾಡುವುದು ಈ ಭಾಷಣದ ಉದ್ದೇಶ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಂಬ ಹೆಸರುಗಳನ್ನು ಕೇಳಿದೊಡನೆ ಇಂದಿನವರ ಕಣ್ಣಿಗೆ ಅಂಗಡಿಬೀದಿಗಳೂ ವಾಹನಗಳ ಸಾಲೂ ಕಟ್ಟುವುವು. ಆದರೆ ಬಿ.ಟಿ.ಎಂ. ಎಂಬ ಮೂರಕ್ಷರಗಳನ್ನು ಬಿಡಿಸಿದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಹೊರಬರುತ್ತವೆ. ಸಂದ್ರವೆಂಬುದು ಸಮುದ್ರ ಶಬ್ದದ ತದ್ಭವ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ರೂಢಿ. ತಾವರೆಕೆರೆಯ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಮಡಿವಾಳದ ಕೆರೆ ಇಂದಿಗೂ ಇದೆ. ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು ಇವೂ ಕೆರೆಗಳಿರುವ ಊರುಗಳೇ. ಅಂದಮೇಲೆ ಈ ಸೀಮೆಯಲ್ಲಿ ಊರು ಕಟ್ಟುವುದೆಂದರೆ ಮೊದಲು ಮಳೆಯನ್ನು ನಿಲ್ಲಿಸುವ ಏರ್ಪಾಡು ಮಾಡುವುದೆಂದೇ ಅರ್ಥವಾಗಿತ್ತು. ಹಾಗೆ ಮಾಡಬೇಕಾಗಿ ಬಂದುದೇಕೆ? ಅದನ್ನು ತಿಳಿಯಲು ನೆಲದ ಸ್ವರೂಪವನ್ನು ಸ್ವಲ್ಪ ನೋಡಬೇಕು.

ಲಾಲ್‌ಬಾಗಿನ ಬಂಡೆಯನ್ನು ಹತ್ತಿದವರಿಗೆ ಈ ನೆಲದ ಅಸ್ತಿವಾರವೇ ಕಾಣುತ್ತದೆ. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ ಆ ನೈಸ್ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯವರು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದ್ದಾರೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಸಮುದ್ರಮಟ್ಟಕ್ಕೆ 900 ಮೀಟರುಗಳಷ್ಟು ಎತ್ತರದಲ್ಲಿರುವ ಈ ಊರು ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತಿದೆ. ಪೂರ್ವಕ್ಕೆ ಬಿದ್ದ ಮಳೆ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರುಗಳ ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮಕ್ಕೆ ಬಿದ್ದುದು ವೃಷಭಾವತಿಯಾಗಿ ಅರ್ಕಾವತಿಯನ್ನೂ, ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟಿತೆಂದು ಜನ ಹೇಳುವ ಕಥೆಯಲ್ಲಿ, ಆ ಗುಡ್ಡ ನೀರನ್ನು ಹಂಚುವ ದಿಣ್ಣೆಯೆಂಬ ಅರಿವೂ ಅಡಗಿದೆ. ದಿಣ್ಣೆಯ ಮೇಲೆ ಕುಳಿತ ಊರಿಗೆ ಹೊರಗಿನಿಂದ ಹರಿದುಬರುವ ಹೊಳೆಯಿಲ್ಲ. ತಲೆಯ ಮೇಲೆ ಬಿದ್ದುದೇ ಅದರ ಪಾಲಿನ ನೀರು.

ಹಾಗೆ ಬೀಳುವುದು ಎಷ್ಟು? ಮೈಸೂರು ಸಂಸ್ಥಾನದಲ್ಲಿ ಹವಾಮಾನದ ಲೆಕ್ಕವನ್ನು ಶಾಸ್ತ್ರೀಯವಾಗಿ ಇಡತೊಡಗಿದುದು 19ನೆಯ ಶತಮಾನದ ಕೊನೆಯ ದಶಕದಲ್ಲಿ. ಸೆಂಟ್ರಲ್ ಕಾಲೇಜಿನ ಜಾನ್ ಕುಕ್ಕರು ಆ ಕಾರ್ಯದ ಮುಂದಾಳು. ಇಂದಿನ ಲೆಕ್ಕದ ಪ್ರಕಾರ ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು 970 ಮಿಲಿಮೀಟರು. ಸದಾ ಮಳೆಗೆ ಹೆಸರಾದ ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಾತ್ರ ಎಂದರೆ ಕೇಳುಗರಿಗೆ ಆಶ್ಚರ್ಯವಾಗಬಹುದು. ಆದರೆ ಅಲ್ಲಿಯದು ವರ್ಷವೆಲ್ಲ ಜಿನುಗುವ ಮಳೆ. ಅಲ್ಲಿ ಬಿಸಿಲೂ ಮೃದು. ನಮ್ಮಲ್ಲಿಯಾದರೋ ಹೆಚ್ಚುಪಾಲು ಮಳೆ ಸುಮಾರು ಅರುವತ್ತು ದಿನಗಳಲ್ಲಿ, ಅದರಲ್ಲಿಯೂ ಕೆಲವೇ ಗಂಟೆಗಳಲ್ಲಿ ಸುರಿದು ಮುಗಿಯುತ್ತದೆ. ಮೇ ತಿಂಗಳಿನಲ್ಲಿ ಗುಡುಗು ಮಿಂಚುಗಳೊಡನೆ ಒಂದು ಏರು. ಜೂನ್ ಜುಲೈಗಳಲ್ಲಿ ಪಶ್ಚಿಮಘಟ್ಟ ತನ್ನ ಪಾಲನ್ನು ತೆಗೆದುಕೊಂಡು ಕಳುಹಿಸಿದ ತುಂತುರು. ಸೆಪ್ಟೆಂಬರಿನಲ್ಲಿ ಎಲ್ಲಕ್ಕಿಂತ ದೊಡ್ಡ ಏರು, ಆ ಒಂದು ತಿಂಗಳಲ್ಲಿಯೇ ಸುಮಾರು 200 ಮಿಲಿಮೀಟರು. ಅಕ್ಟೋಬರಿನಲ್ಲಿ ಅದರ ಮುಂದುವರಿಕೆ. ಅನಂತರ ಏಪ್ರಿಲಿನವರೆಗೆ ಬಹುಮಟ್ಟಿಗೆ ಒಣ ಕಾಲ.

ನಮ್ಮ ರೈತರು ಈ ಕ್ರಮವನ್ನು ತಿಂಗಳುಗಳಿಂದ ಗುರುತಿಸಲಿಲ್ಲ, ಮಳೆನಕ್ಷತ್ರಗಳಿಂದ ಗುರುತಿಸಿದರು. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ ಮೇ ತಿಂಗಳುಗಳ ಭರಣಿ ಕೃತ್ತಿಕೆಗಳಲ್ಲಿ ನೆಲ ಉಳುವುದಕ್ಕೆ ಮೊದಲು. ಮೃಗಶಿರ ಆರಿದ್ರೆಗಳಲ್ಲಿ ಬಿತ್ತನೆಯ ಯೋಚನೆ. ಹುಬ್ಬೆ ಉತ್ತರೆಗಳಲ್ಲಿ ಬೆಳೆಗೆ ಮೈ ತುಂಬುವ ಮಳೆ. ಹಸ್ತ ಚಿತ್ತೆಗಳಲ್ಲಿ ಕಾಳು ಕಟ್ಟುವ ಮಳೆ. ಇದು ಪಂಚಾಂಗದ ಮಾತಾದರೂ ಇದರೊಳಗೆ ಇರುವುದು ಮಣ್ಣಿನ ಲೆಕ್ಕವೇ. ಯಾವ ಹದಿನೈದು ದಿನಗಳಲ್ಲಿ ನೆಲ ಎಷ್ಟು ತೇವವನ್ನು ಹಿಡಿದಿರಬೇಕು, ಆಗ ಪೈರಿಗೆ ಎಷ್ಟು ವಯಸ್ಸಾಗಿರಬೇಕು ಎಂಬುದರ ಪಟ್ಟಿ ಅದು.

ಈಗ ಮಣ್ಣಿಗೆ ಬರೋಣ. ಬೆಂಗಳೂರಿನದು ಕೆಮ್ಮಣ್ಣು. ಲಾಲ್‌ಬಾಗಿನಲ್ಲಿ ಕಂಡಂತಹ ಬಂಡೆಯೇ ಯುಗಯುಗಾಂತರಗಳಿಂದ ಮಳೆಬಿಸಿಲುಗಳಿಗೆ ಸಿಕ್ಕಿ ಕರಗಿ ಮಣ್ಣಾಯಿತು. ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪು ಬಣ್ಣವನ್ನು ಕೊಟ್ಟಿತು. ಇದರಲ್ಲಿ ಮರಳಿನ ಅಂಶ ಹೆಚ್ಚು, ಜೇಡಿ ಕಡಮೆ; ಇರುವ ಜೇಡಿಯೂ ನೀರನ್ನು ಬಹಳವಾಗಿ ಹೀರಿ ಉಬ್ಬುವ ಜಾತಿಯದಲ್ಲ. ಮಣ್ಣೆಂಬುದು ಕಣಗಳ ರಾಶಿ. ಕಣಕಣಗಳ ನಡುವೆ ಸಂದುಗಳಿವೆ. ದೊಡ್ಡ ಸಂದುಗಳಿಗೆ ಇಳಿದ ನೀರು ಒಂದೆರಡು ದಿನಗಳಲ್ಲಿ ಕೆಳಕ್ಕೆ ಸೋರಿಹೋಗಿ ಅಲ್ಲಿ ಗಾಳಿ ತುಂಬುತ್ತದೆ. ಸಣ್ಣ ಸಂದುಗಳಲ್ಲಿ ನಿಂತ ನೀರನ್ನು ಬೇರು ಕುಡಿಯುತ್ತದೆ. ಇಂತಹ ಮರಳುಮಿಶ್ರಿತ ಕೆಮ್ಮಣ್ಣು ಒಂದು ಮೀಟರು ಆಳಕ್ಕೆ ಸುಮಾರು 100ರಿಂದ 120 ಮಿಲಿಮೀಟರಿನಷ್ಟು ನೀರನ್ನು ಮಾತ್ರ ಗಿಡಗಳಿಗೆಂದು ಹಿಡಿದಿಡಬಲ್ಲದು. ಬಿಜಾಪುರ ಧಾರವಾಡಗಳ ಕಡೆಯ ಎರೆಮಣ್ಣು ಇದಕ್ಕಿಂತ ಬಹಳ ಹೆಚ್ಚು ಹಿಡಿಯುತ್ತದೆ. ಆದುದರಿಂದಲೇ ಅಲ್ಲಿಯ ರೈತನು ಮಳೆಗಾಲ ಮುಗಿಯುವ ಹೊತ್ತಿಗೆ ಬಿಳಿಜೋಳವನ್ನು ಬಿತ್ತಿ, ನೆಲದೊಳಗಿನ ತೇವವನ್ನೇ ನಂಬಿ, ಚಳಿಗಾಲದಲ್ಲಿ ಬೆಳೆ ತೆಗೆಯುತ್ತಾನೆ. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಅದು ಸಾಧ್ಯವಿಲ್ಲ. ಇಲ್ಲಿ ಮಳೆ ಬೀಳುತ್ತಿರುವಾಗಲೇ ಬೆಳೆ ಬೆಳೆಯಬೇಕು. ಸೆಪ್ಟೆಂಬರಿನ ಮಳೆ ಈ ಮಣ್ಣಿನ ಒಂದು ಮೀಟರಿನ ಕಣಜವನ್ನು ಎರಡು ಸಲ ತುಂಬುವಷ್ಟು ಬರುತ್ತದೆ. ಜನವರಿಯ ವೇಳೆಗೆ ಮೇಲಿನ ಪದರಗಳ ಕಣಜ ಬರಿದಾಗುತ್ತದೆ. ಅತಿಯೂ ಅಭಾವವೂ ಒಂದೇ ವರ್ಷದಲ್ಲಿ, ಒಂದೇ ಹೊಲದಲ್ಲಿ. ಈ ಸೀಮೆಯ ಬೇಸಾಯದ ಇತಿಹಾಸವೆಲ್ಲ ಈ ಒಂದು ಕಷ್ಟಕ್ಕೆ ಕಂಡುಹಿಡಿದ ಉತ್ತರಗಳ ಇತಿಹಾಸ.

ಮೊದಲನೆಯ ಉತ್ತರ ರಾಗಿ. ಟಿಪ್ಪುವಿನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಈ ನಾಡನ್ನು ನೋಡಲು ಬಂದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಬೆಂಗಳೂರಿಗೆ ಬಂದನು. 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಇಲ್ಲಿಯ ರಾಗಿಯ ಬೇಸಾಯಕ್ಕೆ ಬಹಳ ಪುಟಗಳು ಸಂದಿವೆ. ಉಳುಮೆಯ ಮೇಲೆ ಉಳುಮೆ, ಪೈರು ಎದ್ದ ಮೇಲೆ ಹಲುಬೆ, ಕುಂಟೆ, ಕಳೆ ಎಂದು ಕೆಲಸದ ಮೇಲೆ ಕೆಲಸ. ಹೊರಗಿನವರಿಗೆ ಇದು ವ್ಯರ್ಥಶ್ರಮವೆಂದು ತೋರಬಹುದು. ಆದರೆ ಕೆಮ್ಮಣ್ಣಿಗೆ ಒಂದು ದುರ್ಗುಣವುಂಟು. ದಪ್ಪ ಹನಿಗಳ ಮಳೆ ಬಿದ್ದು ಬಿಸಿಲು ಬಂದೊಡನೆ ಅದರ ಮೇಲುಮುಖ ಹೆಪ್ಪುಗಟ್ಟಿ ಹಪ್ಪಳದಂತೆ ಗಟ್ಟಿಯಾಗುತ್ತದೆ. ಮುಂದಿನ ಮಳೆ ಒಳಗೆ ಇಳಿಯದೆ ಹರಿದುಹೋಗುತ್ತದೆ. ಕುಂಟೆ ಹೊಡೆದರೆ ಆ ಹೆಪ್ಪು ಒಡೆಯುತ್ತದೆ. ಮಳೆಗೆ ಬಾಗಿಲು ತೆರೆಯುತ್ತದೆ. ಸಡಿಲವಾದ ಮೇಲುಪುಡಿ ಒಳಗಿನ ತೇವಕ್ಕೆ ಹೊದಿಕೆಯೂ ಆಗುತ್ತದೆ. ಕುಂಟೆಯು ಕಳೆಯನ್ನು ಕೀಳುವಂತೆಯೇ ನೀರನ್ನೂ ಉಳಿಸುವ ಆಯುಧ.

ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಹಾಕುವ ಪದ್ಧತಿಯಲ್ಲಿಯೂ ಇದೇ ಜಾಣತನ. ರಾಗಿಯ ಬೇರು ಮೇಲುಪದರಗಳಲ್ಲಿ ಹರಡುವುದು. ತೊಗರಿಯ ತಾಯಿಬೇರು ಆಳಕ್ಕೆ ಇಳಿಯುವುದು. ಮುಂಗಾರು ಕೈಕೊಟ್ಟರೆ ಒಂದು ಉಳಿಯುತ್ತದೆ. ಹಿಂದಣ ಮಳೆ ಅತಿಯಾದರೆ ಇನ್ನೊಂದು ಉಳಿಯುತ್ತದೆ. ರಾಗಿಯ ಕಟಾವಾದ ಮೇಲೂ ಹೊಲದಲ್ಲಿ ನಿಂತಿರುವ ಅವರೆಯು ಹಸ್ತ ಚಿತ್ತೆಗಳು ಬಿಟ್ಟುಹೋದ ತೇವವನ್ನೂ ಮಾಗಿಯ ಇಬ್ಬನಿಯನ್ನೂ ಉಂಡು ಸೊಗಡು ತುಂಬಿದ ಕಾಯಿ ಕೊಡುತ್ತದೆ.

ಇದೆಲ್ಲ ಸಾಲದೆ ಹೋದ ವರ್ಷಗಳೂ ಇದ್ದುವು. ಆ ಭಯದಿಂದಲೇ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ವರ್ಷಗಟ್ಟಲೆ ಕಾಪಿಡುತ್ತಿದ್ದರು. ನೀರು ಜಿನುಗದ ಎತ್ತರದ ಜಾಗವನ್ನು ಆರಿಸಿಯೇ ಹಗೇವು ತೋಡಬೇಕು; ಮಣ್ಣಿನ ತೇವವನ್ನು ಬಲ್ಲವನಿಗೆ ಮಾತ್ರ ಅದು ಸಾಧ್ಯ. 1876ರಲ್ಲಿ ಮಳೆಗಳು ತಪ್ಪಿ ಬಂದ ಧಾತು ಸಂವತ್ಸರದ ಕ್ಷಾಮದ ಮುಂದೆ ಹಗೇವುಗಳೂ ಬರಿದಾದುವು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು ನಾಲ್ವತ್ತೆರಡು ಲಕ್ಷಕ್ಕೆ ಇಳಿದಿತ್ತು. ಮಣ್ಣಿನ ತೇವವೆಂಬುದು ಪಂಡಿತರ ವಿನೋದಕ್ಕೆ ಮೀಸಲಾದ ವಿಷಯವಲ್ಲವೆಂದು ತಿಳಿಯಲು ಈ ಅಂಕಿಗಳೇ ಸಾಕು.

ಎರಡನೆಯ ಉತ್ತರವನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಾಣಬಹುದು. ಕಾರ್ತಿಕಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬೀದಿಯಲ್ಲಿ ಹಸಿಯ, ಹುರಿದ, ಬೇಯಿಸಿದ ಕಡಲೆಕಾಯಿಯ ರಾಶಿಗಳು ಬೀಳುವುದನ್ನು ಕಾಣದವರು ಕಡಮೆ. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲಗಳಿಗೆ ಹುಣ್ಣಿಮೆಯ ರಾತ್ರಿ ಬಸವನು ನುಗ್ಗಿ ಬೆಳೆಯನ್ನು ಮೇಯುತ್ತಿದ್ದನೆಂದೂ, ರೈತರು ಅವನಿಗೆ ಗುಡಿ ಕಟ್ಟಿಸಿ ಮೊದಲ ಬೆಳೆಯನ್ನು ಒಪ್ಪಿಸತೊಡಗಿದರೆಂದೂ ಕಥೆ ಹೇಳುತ್ತದೆ. ಗುಡಿಯನ್ನು ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿ. ಅವರು ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ವರ್ಷ 1537 ಎನ್ನುವರು. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ ಸಸ್ಯ. ಪೋರ್ಚುಗೀಸರ ಕಾಲಾನಂತರ ಕ್ರಮಕ್ರಮವಾಗಿ ನಮ್ಮ ನಾಡಿನಲ್ಲಿ ಹರಡಿತು. ಆದುದರಿಂದ ಬಸವಣ್ಣನ ಸೇವೆ ಹಳೆಯದಾಗಿದ್ದು ಕಡಲೆಕಾಯಿ ಅದರೊಳಕ್ಕೆ ಆಮೇಲೆ ಬಂದು ಸೇರಿಕೊಂಡಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಹೊರದೇಶದ ಬೆಳೆಯೊಂದು ಹೀಗೆ ದೇವರ ನೈವೇದ್ಯದವರೆಗೂ ಏರಿದುದಕ್ಕೆ ಕಾರಣ, ಅದು ಈ ಮಣ್ಣಿಗೂ ಈ ಮಳೆಗೂ ಹೊಂದಿಕೊಂಡ ರೀತಿ.

ಕಡಲೆಕಾಯಿಯ ಹೂವು ಮಣ್ಣಿನ ಮೇಲೆ ಅರಳುತ್ತದೆ. ಕಾಯಿ ಮಣ್ಣಿನೊಳಗೆ ಕಟ್ಟುತ್ತದೆ. ಹೂವು ಫಲಿಸಿದ ಮೇಲೆ ಅದರ ಬುಡದಿಂದ ಸೂಜಿಯಂತಹ ತೊಟ್ಟೊಂದು ಕೆಳಕ್ಕೆ ಬೆಳೆದು ನೆಲವನ್ನು ಚುಚ್ಚಿ ಒಳಗೆ ಇಳಿಯಬೇಕು. ನೆಲ ಒಣಗಿ ಹೆಪ್ಪುಗಟ್ಟಿದ್ದರೆ ಸೂಜಿ ಇಳಿಯಲಾರದು. ಗಟ್ಟಿ ಜೇಡಿಯಾದರೆ ಕಾಯಿ ದುಂಡಾಗದು. ಸಡಿಲವಾದ ಕೆಮ್ಮಣ್ಣಿನಲ್ಲಿ ಜೂನ್ ಕೊನೆಯಲ್ಲಿಯೋ ಜುಲೈಯಲ್ಲಿಯೋ ಬಿತ್ತಿದರೆ, ಸೂಜಿ ಇಳಿದು ಕಾಯಿ ತುಂಬುವ ಸಮಯಕ್ಕೆ ಸರಿಯಾಗಿ ಹುಬ್ಬೆ ಉತ್ತರೆಗಳ ಮಳೆ ಬರುತ್ತದೆ. ನಾಲ್ಕು ತಿಂಗಳಿಗೆ ಬೆಳೆ ಮಾಗುವ ಹೊತ್ತಿಗೆ ಮಳೆ ಹಿಂದೆಗೆಯುತ್ತದೆ. ಗಿಡವನ್ನು ಕೀಳುವಾಗ ನೆಲದಲ್ಲಿ ಸ್ವಲ್ಪ ಹಸಿ ಇರಲೇಬೇಕು, ಇಲ್ಲವಾದರೆ ಕಾಯಿ ಮಣ್ಣಿನಲ್ಲಿಯೇ ಕಳಚಿಕೊಳ್ಳುತ್ತದೆ. ಹಸಿ ಹೆಚ್ಚಾದರೆ ಮಾಗಿದ ಕಾಯಿ ನೆಲದಲ್ಲಿಯೇ ಮೊಳೆಯುತ್ತದೆ. ಈ ಎರಡು ಅಪಾಯಗಳ ನಡುವಣ ಸಣ್ಣ ದಾರಿಯಲ್ಲಿ ನಡೆದು ಬೆಳೆ ಮನೆಗೆ ಬಂದ ಸಂತೋಷವೇ ಕಾರ್ತಿಕದ ಪರಿಷೆ. ಹೊಲಗಳು ಹೋದುವು, ಪರಿಷೆ ಉಳಿದಿದೆ. ಕಾಯಿ ಈಗ ದೂರದ ಜಿಲ್ಲೆಗಳಿಂದಲೂ ತಮಿಳುನಾಡು ಆಂಧ್ರಗಳಿಂದಲೂ ಬರುತ್ತದೆ.

ಮೂರನೆಯ ಉತ್ತರ ಕೆರೆ. ಮಣ್ಣಿನ ಕಣಜ ತುಂಬಿದ ಮೇಲೆ ಉಳಿದ ನೀರನ್ನು ಏನು ಮಾಡುವುದು? ಹರಿಯಬಿಟ್ಟರೆ ಅದು ಮೇಲುಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ಇಳಿಜಾರಿಗೆ ಅಡ್ಡವಾಗಿ ಏರಿ ಹಾಕಿ, ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುವಂತೆ ಸರಪಳಿಯಾಗಿ ಕಟ್ಟಿದರು. ಗವಿಪುರದ ಬಳಿಯ ಕೆಂಪಾಂಬುಧಿ ಇದಕ್ಕೆ ಹಳೆಯ ಉದಾಹರಣೆ. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಭತ್ತಕ್ಕೂ, ತಿಗಳರ ಕಾಯಿಪಲ್ಯದ ತೋಟಗಳಿಗೂ ಒದಗುತ್ತಿತ್ತು. ಅದಕ್ಕಿಂತ ಮುಖ್ಯವಾದುದು ಕಣ್ಣಿಗೆ ಕಾಣದೆ ನಡೆಯುತ್ತಿದ್ದ ಕೆಲಸ. ತಿಂಗಳುಗಟ್ಟಲೆ ನಿಂತ ನೀರು ಮೆಲ್ಲಮೆಲ್ಲಗೆ ನೆಲಕ್ಕೆ ಇಂಗಿ, ಕೆಳಗಿನ ಬಾವಿಗಳಲ್ಲಿ ಒರತೆಯಾಗಿ ಏಳುತ್ತಿತ್ತು. ಬೇಸಗೆಯಲ್ಲಿ ಕೆರೆಯ ಗೋಡನ್ನು ಎತ್ತಿ ಹೊಲಕ್ಕೆ ಹಾಕಿದರೆ ಎರಡು ಲಾಭ: ಕೆರೆಗೆ ಆಳ ಬರುವುದು, ಗೋಡಿನ ಜೇಡಿ ಸೇರಿದ ಕೆಮ್ಮಣ್ಣು ಮುಂದಿನ ವರ್ಷ ಹೆಚ್ಚು ತೇವವನ್ನು ಹಿಡಿಯುವುದು.

ಅತಿಯಾದ ನೀರು ಗಿಡಕ್ಕೆ ಹೇಗೆ ಕೇಡು ಮಾಡುತ್ತದೆಂಬುದನ್ನೂ ಇಲ್ಲಿಯೇ ಹೇಳಬೇಕು. ಬೇರು ನೀರನ್ನು ಕುಡಿಯುವಂತೆ ಗಾಳಿಯನ್ನೂ ಸೇವಿಸುತ್ತದೆ. ದಿನಗಟ್ಟಲೆ ಮಳೆ ಹೊಡೆದು ದೊಡ್ಡ ಸಂದುಗಳಲ್ಲಿಯೂ ನೀರೇ ನಿಂತರೆ ಬೇರಿಗೆ ಆಮ್ಲಜನಕ ದೊರೆಯದು, ಎಲೆ ಹಳದಿಯಾಗುತ್ತದೆ, ಎಳೆಯ ಬೇರುಗಳು ಕೊಳೆಯುತ್ತವೆ, ತೇವದಲ್ಲಿ ಬೆಳೆಯುವ ಶಿಲೀಂಧ್ರಗಳು ಆ ಗಾಯಗಳಲ್ಲಿ ಮನೆಮಾಡುತ್ತವೆ. ಮಣ್ಣಿಗೆ ಮೇಲಾಗಿ ಗಾಳಿಯೂ ಒದ್ದೆಯಾಗಿಯೇ ಇದ್ದರೆ ಕಾಯಿ ಎಲೆಗಳಿಗೂ ಉಳಿಗಾಲವಿಲ್ಲ. ಮಲೆನಾಡಿನ ಅಡಿಕೆಯ ಕೊಳೆರೋಗ ಇಂತಹುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಆ ರೋಗದ ಶಿಲೀಂಧ್ರವನ್ನು ಗುರುತಿಸಿ, ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಬೆಂಗಳೂರಿನ ಇಳಿಜಾರಾದ ಕೆಮ್ಮಣ್ಣಿನಲ್ಲಿ ನೀರು ಬೇಗ ಬಸಿದುಹೋಗುವುದರಿಂದ ಇಲ್ಲಿಯ ಗಿಡಗಳಿಗೆ ಈ ಭಯ ಅಷ್ಟಿರಲಿಲ್ಲ. ಹಿಡಿಯುವ ಶಕ್ತಿ ಕಡಮೆಯಾದ ಮಣ್ಣಿಗೆ ಬಸಿಯುವ ಗುಣ ಹೆಚ್ಚು. ಅದೇ ಅದರ ಕೊರತೆ, ಅದೇ ಅದರ ವರ.

ಈ ವರವನ್ನು ಚೆನ್ನಾಗಿ ಬಳಸಿಕೊಂಡವರು ಲಾಲ್‌ಬಾಗಿನವರು. 1760ರ ಸುಮಾರಿನಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಆ ತೋಟಕ್ಕೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಜಾನ್ ಕ್ಯಾಮರಾನರೂ, 1908ರಿಂದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ಲರೂ ಅನೇಕ ದೇಶಗಳ ಗಿಡಗಳನ್ನು ತಂದು ಇಲ್ಲಿ ಒಗ್ಗಿಸಿದರು. ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೀದಿಯ ಮರಗಳನ್ನು ಆರಿಸಿ ನೆಟ್ಟ ಕೀರ್ತಿ ಕ್ರುಂಬಿಗಲ್ಲರದು. ಇದರಲ್ಲಿ ನಾವು ಗಮನಿಸಬೇಕಾದ ವಿಚಿತ್ರವೊಂದಿದೆ. ಜನವರಿಯಿಂದ ಮೇವರೆಗೆ, ಮೇಲುನೆಲ ಸುಟ್ಟಂತಿರುವಾಗ, ತಬೆಬೂಯ, ಜಕರಂಡ, ಹೊಂಗೆ, ಗುಲ್‌ಮೊಹರುಗಳು ಹೂವಿನಿಂದ ತುಂಬುತ್ತವೆ. ಮಳೆಯಿಲ್ಲದ ಕಾಲದಲ್ಲಿ ಈ ಸಮೃದ್ಧಿಗೆ ನೀರೆಲ್ಲಿಂದ ಬಂತು? ಹಿಂದಿನ ಹಸ್ತ ಚಿತ್ತೆಗಳ ಮಳೆಯಲ್ಲಿ ಮೇಲಿನ ಒಂದು ಮೀಟರನ್ನು ತುಂಬಿಸಿ, ಅದಕ್ಕೂ ಕೆಳಗೆ ಬಂಡೆ ಕರಗಿದ ಮೊರಮಿನವರೆಗೆ ಇಳಿದು ನಿಂತ ತೇವವನ್ನು ಆಳದ ಬೇರುಗಳು ಬೇಸಗೆಗೆಂದು ತಂದುಕೊಳ್ಳುತ್ತವೆ. ನಾವು ಏಪ್ರಿಲಿನಲ್ಲಿ ಕಾಣುವ ಹೂವಿಗೆ ನೀರೆರೆದುದು ಸೆಪ್ಟೆಂಬರು.

ಇನ್ನು ಪಟ್ಟಣ ಬೆಳೆದ ಕಥೆ. 1898ರ ಪ್ಲೇಗಿನ ಅನಂತರ ಬಸವನಗುಡಿ ಹುಟ್ಟಿತು. 1945ರಲ್ಲಿ ನಗರಾಭಿವೃದ್ಧಿಗೆಂದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. 1948ರಲ್ಲಿ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರಿಂದ ಜಯನಗರಕ್ಕೆ ಶಂಕುಸ್ಥಾಪನೆಯಾಯಿತು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಆ ಬಡಾವಣೆಯಲ್ಲಿ ಅಗಲವಾದ ಬೀದಿಗಳು, ಉದ್ಯಾನಗಳು, ಮನೆಯ ಸುತ್ತ ಒಂದು ಮಾವು, ಒಂದು ತೆಂಗು, ಒಂದು ಬಟ್ಟಲು ಹೂವಿನ ಗಿಡ ಇರುವಷ್ಟು ಜಾಗ ಇದ್ದುವು. ಹೊಲಗಳು ಹೋದರೂ ಮಣ್ಣಿನ ಬಾಯಿ ಇನ್ನೂ ತೆರೆದಿತ್ತು. ಅನಂತರದ ದಶಕಗಳಲ್ಲಿ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಬೆಳೆದುವು. ಅಷ್ಟರಲ್ಲಿ ಕುಡಿಯುವ ನೀರು ಕೊಳಾಯಿಯಲ್ಲಿ ಬರತೊಡಗಿತ್ತು: 1896ರಿಂದ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ, 1974ರಿಂದ ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯಿಂದ. ದೂರದ ನೀರು ಮನೆಬಾಗಿಲಿಗೆ ಬಂದಂತೆ ಹತ್ತಿರದ ಕೆರೆಯ ಮೇಲಿನ ಕಾಳಜಿ ಕರಗಿತು. ಏರಿ ರಸ್ತೆಯಾಯಿತು, ಕಾಲುವೆ ಚರಂಡಿಯಾಯಿತು, ಅಂಗಳಕ್ಕೆ ಕಲ್ಲೂ ಕಾಂಕ್ರೀಟೂ ಬಂದುವು.

ಇದರ ಅರ್ಥವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಮೂವತ್ತಡಿ ನಾಲ್ವತ್ತಡಿಯ ನಿವೇಶನವೆಂದರೆ ಸುಮಾರು 111 ಚದರ ಮೀಟರು. ಅದರ ಮೇಲೆ ವರ್ಷಕ್ಕೆ ಬೀಳುವುದು ಸುಮಾರು 1,08,000 ಲೀಟರು. ಪ್ರತಿಯೊಬ್ಬರಿಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಸಂಸಾರಕ್ಕೆ ಇನ್ನೂರು ದಿನಗಳಿಗಾಗುವಷ್ಟು. ತೆರೆದ ಮಣ್ಣಾದರೆ ಇದರಲ್ಲಿ ಒಂದು ಭಾಗವನ್ನು ಹಿಡಿದು, ಒಂದು ಭಾಗವನ್ನು ಆಳಕ್ಕೆ ಕಳುಹಿಸಿ, ಉಳಿದುದನ್ನು ಮಾತ್ರ ಹೊರಗೆ ಬಿಡುತ್ತಿತ್ತು. ಮುಚ್ಚಿದ ನೆಲವಾದರೆ ಬಹುಪಾಲು ಕೆಲವೇ ನಿಮಿಷಗಳಲ್ಲಿ ಬೀದಿಗೆ ಬರುತ್ತದೆ. ಇಂತಹ ಮನೆಗಳು ಸಾವಿರಾರು ಸೇರಿದರೆ ಅದು ತಗ್ಗಿನ ಬಡಾವಣೆಗೆ ನೆರೆ.

ಹೀಗೆಯೇ ಆಯಿತು. 2017ರಲ್ಲಿ ಬೆಂಗಳೂರಿನ ವರ್ಷದ ಮಳೆ ಸುಮಾರು 1,700 ಮಿಲಿಮೀಟರಿಗೆ ಏರಿತು. ಆಗಸ್ಟ್ 15ರ ನಸುಕಿನ ಒಂದೇ ಮಳೆಗೆ ನಗರದ ದಕ್ಷಿಣದ ತಗ್ಗುಗಳೆಲ್ಲ ಜಲಾವೃತವಾದುವು. 2022ರ ಮಳೆ ಆ ದಾಖಲೆಯನ್ನೂ ಮೀರಿತು. ಮರುವರ್ಷವೇ, ಅಂದರೆ 2023ರಲ್ಲಿ, ಮುಂಗಾರು ಕೈಕೊಟ್ಟಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ನೀರಿನ ಲಾರಿಗಾಗಿ ಕಾದು ನಿಂತರು. ಎರಡು ದೊಡ್ಡ ಮಳೆಗಳನ್ನು ಕಂಡ ನೆಲಕ್ಕೆ ಒಂದು ಬರವನ್ನು ತಾಳುವಷ್ಟು ಉಳಿತಾಯ ಇರಲಿಲ್ಲ. ಅದೇ ವರ್ಷದ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರು ಸುರಿಯಿತು. ಜೂನ್ ತಿಂಗಳಿನ ಒಂದು ದಿನದ ಮಳೆಯಲ್ಲಿ 1891ರಿಂದೀಚೆಗೆ ಅಷ್ಟು ದೊಡ್ಡದು ಬಿದ್ದಿರಲಿಲ್ಲ. ಮಾರ್ಚಿಯಲ್ಲಿ ನೀರಿಲ್ಲವೆಂದು ಗೋಳಾಡಿದ ನಗರವೇ ಜೂನಿನಲ್ಲಿ ನೀರು ಹೆಚ್ಚಾಯಿತೆಂದು ಗೋಳಾಡಿತು.

ಆ ಮಳೆಗಾಳಿಗೆ ನಗರದಲ್ಲಿ ನೂರಾರು ಮರಗಳು ಉರುಳಿದುವು. ಮರ ಉರುಳಿದರೆ ಮರದ ಮೇಲೆಯೇ ತಪ್ಪು ಹೊರಿಸುವವರುಂಟು. ಆದರೆ ಅದರ ಬುಡವನ್ನು ನೋಡಬೇಕು. ಬೇಸಗೆಯಲ್ಲಿ ಹೊಸ ಚಿಗುರು ತುಂಬಿ ತಲೆ ಭಾರವಾಗಿರುತ್ತದೆ. ಎಲೆಗಳು ನೆನೆದು ಆ ಭಾರ ಇನ್ನೂ ಹೆಚ್ಚುತ್ತದೆ. ನೀರು ಕುಡಿದ ಮೇಲುಮಣ್ಣು ಮೆತ್ತಗಾಗಿ ಬೇರಿನ ಹಿಡಿತ ಸಡಿಲುತ್ತದೆ. ಒಂದು ಕಡೆ ಚರಂಡಿಗೆಂದು, ಇನ್ನೊಂದು ಕಡೆ ಕೊಳವೆ ತಂತಿಗಳಿಗೆಂದು ಬೇರನ್ನು ಕಡಿದಿರುತ್ತಾರೆ. ಉಳಿದ ಕಡೆ ಕಾಂಕ್ರೀಟು ಬುಡದವರೆಗೆ ಬಂದಿರುತ್ತದೆ. ವರ್ಷಗಟ್ಟಲೆ ಆಳಕ್ಕೆ ತೇವವೂ ಗಾಳಿಯೂ ಇಳಿಯದಿದ್ದರೆ ಬೇರು ಆಳಕ್ಕೆ ಏಕೆ ಹೋದೀತು? ದೊರೆತ ಸಂದಿನಲ್ಲಿ ಮೇಲುಮೇಲೆಯೇ ಹರಡಿಕೊಳ್ಳುತ್ತದೆ. ಅಂತಹ ಮರವನ್ನು ಗಾಳಿ ತಳ್ಳಿದಾಗ ಬೀಳುವುದು ಸಹಜ. ಅಡಿಯಲ್ಲಿ ನಿಂತ ವಾಹನಕ್ಕೂ, ಕೆಲವೊಮ್ಮೆ ದಾರಿಹೋಕನ ಪ್ರಾಣಕ್ಕೂ ಅಪಾಯವಾಗುತ್ತದೆ.

ಇಷ್ಟಾದರೂ ಕಥೆ ಮುಗಿದಿಲ್ಲವೆಂಬುದಕ್ಕೆ ಸಾಕ್ಷಿಗಳಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿಯ ಕೆರೆ ಒಣಗಿ ಮುಗಿಯುವಂತಿದ್ದಾಗ ನೆರೆಹೊರೆಯ ನಿವಾಸಿಗಳು 2010ರಲ್ಲಿ ಸಂಘ ಕಟ್ಟಿಕೊಂಡು ಅದನ್ನು ಉಳಿಸಿದರು. ಮಳೆಯ ನೀರು ಮತ್ತೆ ಅಲ್ಲಿಗೆ ಬಂದಿತು, ಹಕ್ಕಿಗಳೂ ಬಂದುವು. ಎಂಬತ್ತು ಎಕರೆಗೂ ಮೇಲಾದ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರಲ್ಲಿ ತೆರವು ಮಾಡಲಾಯಿತು. 2009ರಲ್ಲಿ ನಿರ್ದಿಷ್ಟ ಅಳತೆಗೆ ಮೇಲ್ಪಟ್ಟ ಮನೆಗಳಿಗೆ ಮಳೆನೀರಿನ ಸಂಗ್ರಹ ಕಡ್ಡಾಯವಾಯಿತು. ಅದನ್ನು ಕಣ್ಣಾರೆ ಕಂಡು ಕಲಿಯಲೆಂದು ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಉದ್ಯಾನವನ್ನೇ ಮಾಡಿದ್ದಾರೆ.

ಮನೆಯವರು ಮಾಡಬಹುದಾದುದು ಇನ್ನೂ ಸುಲಭ. ಬೀದಿಯ ಮರದ ಬುಡದ ಸುತ್ತ ಒಂದು ಮೀಟರಾದರೂ ಮಣ್ಣನ್ನು ತೆರೆದಿಡುವುದು. ಅಂಗಳದಲ್ಲಿ ಒಂದು ಮೂಲೆಯನ್ನಾದರೂ ಕಲ್ಲು ಹಾಸದೆ ಬಿಡುವುದು. ಉದುರಿದ ತರಗನ್ನು ಸುಡದೆ ಗಿಡದ ಬುಡಕ್ಕೆ ಹೊದಿಸುವುದು. ಮಾಳಿಗೆಯ ನೀರನ್ನು ಬೀದಿಗೆ ಬಿಡದೆ ಇಂಗುಗುಂಡಿಗೆ ತಿರುಗಿಸುವುದು. ತರಗಿನ ಹೊದಿಕೆ ಕುಂಟೆಯ ಕೆಲಸವನ್ನು ಮಾಡುತ್ತದೆ; ಇಂಗುಗುಂಡಿ ಕೆರೆಯ ಕೆಲಸವನ್ನು ಮಾಡುತ್ತದೆ. ಹೊಲವೇ ಇಲ್ಲದ ಬಡಾವಣೆಯಲ್ಲಿಯೂ ಒಕ್ಕಲಿಗನ ವಿದ್ಯೆ ಹೀಗೆ ಉಪಯೋಗಕ್ಕೆ ಬರುತ್ತದೆ.

ಮಳೆ ಎಷ್ಟು ಬೀಳಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಹಿಂದಿನವರ ಕೈಯಲ್ಲಿಯೂ ಇರಲಿಲ್ಲ. ಬಿದ್ದುದರಲ್ಲಿ ಎಷ್ಟನ್ನು ನೆಲ ಹಿಡಿಯಬೇಕೆಂಬುದನ್ನು ಅವರು ತಮ್ಮ ಕೈಗೆ ತೆಗೆದುಕೊಂಡರು, ನಾವು ಬಿಟ್ಟುಕೊಟ್ಟೆವು. ಮುಂದಿನ ಸಲ ರಾತ್ರಿಯೆಲ್ಲ ಮಳೆ ಸುರಿದು ನಿಂತಾಗ, ಎಷ್ಟು ಮಿಲಿಮೀಟರು ಬಿತ್ತೆಂದು ಪತ್ರಿಕೆಯಲ್ಲಿ ನೋಡಿದ ಮೇಲೆ, ಅಂಗಳದ ಗಿಡದ ಬುಡದಲ್ಲಿ ಒಂದು ಕಡ್ಡಿಯನ್ನು ಊರಿ ನೋಡಬೇಕು. ಒಂದು ಗೇಣು ತೇವ ಇಳಿದಿದ್ದರೆ ಆ ಮಳೆ ನಮ್ಮದಾಯಿತು. ಇಲ್ಲವಾದರೆ ಅದು ನಮ್ಮ ಮೇಲೆ ಹಾದುಹೋಯಿತು, ಅಷ್ಟೆ.